ನಾಲಗೆಯ ಅರ್ಬುದ: ಹಂತವೂ ಆಯುಸ್ಸೂ



ನಾಲಗೆಯಲ್ಲಿ ಅರ್ಬುದವೆಂದು, ಎಂದರೆ ಕ್ಯಾನ್ಸರೆಂದು, ತಿಳಿದೊಡನೆ ಮನೆಯವರು ಕೇಳುವ ಮೊದಲನೆಯ ಪ್ರಶ್ನೆ, ‘ರೋಗಿಯು ಉಳಿಯುವರೇ?’ ಎಂಬುದು. ಉತ್ತರ ಹೇಳುವ ಮುನ್ನ ವೈದ್ಯರು ರೋಗದ ಹಂತವನ್ನು ಗೊತ್ತುಮಾಡಬೇಕು. ಹುಣ್ಣಿನ ಗಾತ್ರವೆಷ್ಟು, ಕೊರಳಿನ ಗ್ರಂಥಿಗಳಿಗೆ ರೋಗವು ಹಬ್ಬಿದೆಯೇ, ಶ್ವಾಸಕೋಶವೇ ಮೊದಲಾದ ದೂರದ ಅಂಗಗಳನ್ನು ಮುಟ್ಟಿದೆಯೇ ಎಂಬ ಮೂರು ಸಂಗತಿಗಳೇ ಅದಕ್ಕೆ ಆಧಾರ.

ಕಣ್ಣಿಗೆ ಕಾಣುವ ಅಗಲವನ್ನೇ ನಂಬಿ ನಾವು ಮೋಸಹೋಗಬಾರದು. ನಾಲಗೆಯ ಮಾಂಸದೊಳಕ್ಕೆ ರೋಗವು ಸದ್ದಿಲ್ಲದೆ ಬೇರಿಳಿಸುತ್ತದೆ. ಅಮೆರಿಕದಲ್ಲಿ 2018ರಿಂದ ಆಚರಣೆಗೆ ಬಂದ ಹಂತನಿರ್ಣಯದ 8ನೆಯ ಆವೃತ್ತಿಯು ಈ ಆಳವನ್ನೂ ಎಣಿಸುತ್ತದೆ. ಹುಣ್ಣು 2 ಸೆಂಟಿಮೀಟರಿಗೆ ಮೀರದಿದ್ದರೂ 5 ಮಿಲಿಮೀಟರಿಗಿಂತ ಆಳಕ್ಕೆ ಇಳಿದಿದ್ದರೆ, ಅದು ಮೊದಲನೆಯ ಹಂತದ್ದಲ್ಲ, ಎರಡನೆಯದು.

ಕೊರಳಿನ ಗ್ರಂಥಿಗಳಿಗೆ ರೋಗ ಹಬ್ಬಿತೆಂದರೆ ಬದುಕುವ ಭರವಸೆಯು ಸುಮಾರು ಅರ್ಧಕ್ಕೆ ಕುಗ್ಗುತ್ತದೆ. ಅಲ್ಲಿಯ ಸೂಕ್ಷ್ಮವಾದ ಬೀಜವು ಬೆರಳಿಗೆ ಸಿಕ್ಕದೆಯೂ ಇರಬಹುದು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯವರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯು ಇದನ್ನು ಸ್ಪಷ್ಟಪಡಿಸಿತು. ಬಾಯಿಯ ಅರ್ಬುದದ ಆರಂಭದಲ್ಲಿಯೇ ಹುಣ್ಣಿನೊಡನೆ ಕೊರಳಿನ ಗ್ರಂಥಿಗಳನ್ನೂ ತೆಗೆಯಿಸಿಕೊಂಡವರಲ್ಲಿ ಮೂರು ವರ್ಷಗಳ ತರುವಾಯ ಶೇಕಡ 80 ಮಂದಿ ಬದುಕಿದ್ದರು. ಗಂಟು ಕಾಣಿಸಿಕೊಳ್ಳುವವರೆಗೆ ಕಾದವರಲ್ಲಿ ಶೇಕಡ 67.5 ಮಂದಿ.

ಹಂತವೆಂಬುದು ಹಣೆಯ ಬರಹವಲ್ಲ. ಚಿಕಿತ್ಸೆಗೆ ದಾರಿ ತೋರುವ ಅಳತೆ. ಅದನ್ನು ಕೆಳಗಿನ ಮೆಟ್ಟಿಲಿನಲ್ಲಿಯೇ ತಡೆಯುವುದು ಬಹುಮಟ್ಟಿಗೆ ನಮ್ಮ ಕೈಯಲ್ಲಿದೆ. ಹೊಗೆಸೊಪ್ಪನ್ನೂ ಅಡಕೆಯನ್ನೂ ಬಿಡೋಣ. ಮೂರು ವಾರವಾದರೂ ಮಾಯದ ಹುಣ್ಣನ್ನು, ನೋವಿಲ್ಲದಿದ್ದರೂ, ಉಷ್ಣವೆಂದು ಕಡೆಗಣಿಸದೆ ವೈದ್ಯರಿಗೆ ತೋರಿಸೋಣ.