ರೋಗಿಯ ಮಾತು, ವೈದ್ಯರ ಕಿವಿ



ಮಠಕ್ಕೆ ಬರುವ ಭಕ್ತರಲ್ಲಿ ಕೆಲವರು ದೂರುವುದುಂಟು: "ಬುದ್ಧೀ, ಆ ಡಾಕ್ಟರು ಏನೂ ನೋಡಲಿಲ್ಲ, ಬರೀ ಮಾತಾಡಿಸಿ ಕಳಿಸಿದರು. ಸ್ಕ್ಯಾನಿಂಗೂ ಬರೆಯಲಿಲ್ಲ." ಮಾತಾಡಿಸಿದ್ದೇ ಪರೀಕ್ಷೆಯೆಂಬುದು ಇವರಿಗೆ ತಿಳಿಯದು. ನಮ್ಮ ಆಯುರ್ವೇದದವರು ದರ್ಶನ, ಸ್ಪರ್ಶನ, ಪ್ರಶ್ನ ಎಂದು ಮೂರು ಬಗೆಯ ಪರೀಕ್ಷೆ ಹೇಳಿದರು. ಎಂದರೆ ನೋಡುವುದು, ಮುಟ್ಟುವುದು, ಕೇಳುವುದು. ಇಂದಿನ ವೈದ್ಯರು ಕೇಳುವುದರಿಂದಲೇ ತೊಡಗುತ್ತಾರೆ. 1975ರಲ್ಲಿ ಇಂಗ್ಲೆಂಡಿನ ವೈದ್ಯರು ಇದನ್ನು ಎಣಿಸಿಯೇ ನೋಡಿದರು. ಹೊಸದಾಗಿ ಬಂದ 80 ರೋಗಿಗಳಲ್ಲಿ 66 ಮಂದಿಯ ರೋಗವು, ಅವರು ತಂದ ಪತ್ರ ಓದಿ ಮಾತು ಕೇಳಿದಷ್ಟರಿಂದಲೇ ತಿಳಿದುಬಂದಿತ್ತು. ಮುಂದಿನ ಪರೀಕ್ಷೆಗಳು ಅದನ್ನೇ ಎತ್ತಿ ಹಿಡಿದವು.

ಹಾಗೆಂದು ಮುಟ್ಟಿ ನೋಡುವುದೇನು ಸಣ್ಣ ವಿದ್ಯೆಯೇ? ಕಣ್ಣಿನ ಕೆಳರೆಪ್ಪೆ ಎಳೆದು ನೋಡುತ್ತಾರೆ. ಅಲ್ಲಿ ಕೆಂಪು ಮಾಸಿದ್ದರೆ ರಕ್ತ ಕಡಿಮೆಯಾಗಿರಬಹುದು. ಹೊಟ್ಟೆ ಒತ್ತುವಾಗ ನೋವಿರುವ ಜಾಗಕ್ಕೆ ಮೊದಲೇ ಕೈ ಹಾಕುವುದಿಲ್ಲ, ದೂರದಿಂದ ಮೆಲ್ಲನೆ ಬರುತ್ತಾರೆ. ಕೈ ಹೊಟ್ಟೆಯ ಮೇಲಿದ್ದರೂ ಕಣ್ಣು ರೋಗಿಯ ಮುಖದ ಮೇಲೆಯೇ. ಬಾಯಿ "ನೋವಿಲ್ಲ" ಎಂದರೂ ಹುಬ್ಬು ಸುಮ್ಮನಿರುವುದಿಲ್ಲವಷ್ಟೆ!

ಎದೆಯ ಮೇಲೆ ಬೆರಳಿಟ್ಟು ತಟ್ಟಿ ನೋಡುವುದನ್ನು ನೀವು ಕಂಡಿರಬಹುದು. ಈ ಕ್ರಮವನ್ನು 1761ರಲ್ಲಿ ಗ್ರಂಥ ಬರೆದು ತಿಳಿಸಿದವನು ವಿಯೆನ್ನಾದ ಔಯೆನ್‌ಬ್ರುಗ್ಗರ್. ಅವನ ತಂದೆ ವಸತಿಗೃಹ ನಡೆಸುತ್ತಿದ್ದವನು. ಪೀಪಾಯಿ ತಟ್ಟಿ ಒಳಗೆ ಎಷ್ಟು ರಸವಿದೆಯೆಂದು ತಿಳಿಯುವುದನ್ನು ಮಗ ಅಲ್ಲಿಯೇ ಕಂಡನೆಂದು ಹೇಳುತ್ತಾರೆ. ಗಾಳಿಯಾಡುವ ಎದೆಯ ಸದ್ದೇ ಬೇರೆ, ನೀರು ನಿಂತ ಎದೆಯ ಮಂಕು ಸದ್ದೇ ಬೇರೆ.

ಇನ್ನು ಸ್ಟೆತಾಸ್ಕೋಪು. ಅದು ಹುಟ್ಟಿದ್ದು ಸಂಕೋಚದಿಂದ! 1816ರಲ್ಲಿ ಪ್ಯಾರಿಸ್ಸಿನ ಲೆನೆಕ್ ಎಂಬ ವೈದ್ಯನ ಬಳಿಗೆ ಹೃದಯದ ತೊಂದರೆಯಿದ್ದ ತರುಣಿಯೊಬ್ಬಳು ಬಂದಳು. ಎದೆಗೆ ಕಿವಿ ಹಚ್ಚಿ ಕೇಳಲು ಅವನಿಗೆ ನಾಚಿಕೆಯಾಯಿತು. ಕಾಗದವನ್ನು ಸುರುಳಿ ಸುತ್ತಿ, ಒಂದು ತುದಿಯನ್ನು ಅವಳ ಎದೆಗೂ ಇನ್ನೊಂದನ್ನು ತನ್ನ ಕಿವಿಗೂ ಇಟ್ಟುಕೊಂಡ. ಬರಿಗಿವಿಗಿಂತ ಚೆನ್ನಾಗಿ ಕೇಳಿಸಿತು. ಎಷ್ಟೋ ಜನರ ಕ್ಷಯವನ್ನು ಆಲಿಸಿ ತಿಳಿದ ಆ ಪುಣ್ಯಾತ್ಮ 1826ರಲ್ಲಿ ಕ್ಷಯದಿಂದಲೇ ತೀರಿಕೊಂಡ. ಆಗ ಅವನಿಗೆ 45 ವರ್ಷ.

ವೈದ್ಯನ ಸಂಕೋಚ ಒಂದು ಉಪಕರಣವನ್ನು ಕೊಟ್ಟಿತು. ರೋಗಿಯ ಸಂಕೋಚವೋ, ಪ್ರಾಣವನ್ನೇ ಕೇಳುತ್ತದೆ. ಮುಟ್ಟು ನಿಂತು ವರುಷಗಳಾದ ತಾಯಿಗೆ ಮತ್ತೆ ರಕ್ತ ಕಾಣಿಸುತ್ತದೆ. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯೂ ಆಗಿರಬಹುದು, ಕೂಡಲೇ ನೋಡಿಸಬೇಕಾದದ್ದು. ಆದರೆ ಪಕ್ಕದಲ್ಲಿ ಮಗ ಕುಳಿತಿದ್ದಾನೆ. ಆಕೆ "ಸೊಂಟ ನೋವು" ಎಂದಷ್ಟೇ ಹೇಳಿ, ಸೊಂಟದ ಗುಳಿಗೆ ತೆಗೆದುಕೊಂಡು ಬರುತ್ತಾಳೆ. ಹೇಳದ ರೋಗವನ್ನು ವೈದ್ಯರು ಎಲ್ಲಿಂದ ಹುಡುಕಬೇಕು? ಶರಣರು ಮುಟ್ಟಿನ ಸೂತಕವನ್ನೇ ಒಪ್ಪಲಿಲ್ಲ. ಅವರ ಮಕ್ಕಳಾದ ನಮಗೇಕೆ ಈ ನಾಚಿಕೆ?

ಗಂಡಸರೇನೂ ಕಡಿಮೆಯಲ್ಲ. ಎದೆ ಹಿಂಡಿ ನೋವು ಎಡತೋಳಿಗೆ ಇಳಿದಿರುತ್ತದೆ, ಬೆವರು ಬಂದಿರುತ್ತದೆ. ವೈದ್ಯರೆದುರು ಮಾತ್ರ "ಸ್ವಲ್ಪ ಗ್ಯಾಸು" ಎನ್ನುತ್ತಾರೆ. ಸೇದಿದ ಬೀಡಿಯ ಲೆಕ್ಕವಂತೂ ಅರ್ಧವೇ!

ಆದುದರಿಂದ ತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯುವ ಗಂಡುಮಕ್ಕಳು ಸ್ವಲ್ಪ ಹೊತ್ತು ಹೊರಗೆ ಕುಳಿತುಕೊಳ್ಳಿರಿ. ಸೊಸೆಯನ್ನು ಕರೆದೊಯ್ದ ಅತ್ತೆಯರೂ ಅಷ್ಟೆ. ಅವಳಿಗೆ ಕೇಳಿದ ಪ್ರಶ್ನೆಗೆ ಅವಳೇ ಉತ್ತರಿಸಲಿ. ನುಂಗುತ್ತಿರುವ ಗುಳಿಗೆಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿರಿ. ನಾಟಿ ಔಷಧಿಯ ಪೊಟ್ಟಣವನ್ನೂ ಬಿಡಬೇಡಿರಿ. ಡಾಕ್ಟರು ಬೈದಾರೆಂದು ಅದನ್ನು ಮನೆಯಲ್ಲಿಯೇ ಇಟ್ಟು ಹೋಗುವವರು ಇಲ್ಲಿ ಕುಳಿತವರಲ್ಲಿಯೂ ಇದ್ದೀರಿ.