ಕೆಸರಿನ ಚಿನ್ನ, ಕೆಸರಿನ ಕಬ್ಬಿಣ

(ಮಧುರವಾಡದ ಸ್ವಾಧ್ಯಾಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸ)



ನಾವು ನೆಲೆಸಿರುವ ಈ ನಾಡು ಕನ್ನಡ ಜೈನರಿಗೆ ಹೊಸದಲ್ಲ. ವಿಜಯನಗರಂ ಬಳಿಯ ರಾಮತೀರ್ಥದ ಬೆಟ್ಟದ ಗುಹೆಯಲ್ಲಿ, ವೇಂಗಿಯ ಚಾಲುಕ್ಯ ದೊರೆ ವಿಮಲಾದಿತ್ಯನ ಕಾಲದ, ಅಂದರೆ 11ನೆಯ ಶತಮಾನದ ಆರಂಭದ, ಕನ್ನಡ ಶಾಸನವೊಂದಿದೆ. ದೇಶೀಗಣದ ತ್ರಿಕಾಲಯೋಗಿ ಸಿದ್ಧಾಂತದೇವರು ಆ ಬೆಟ್ಟವನ್ನು ವಂದಿಸಿದುದನ್ನು ಅದು ಸಾರುತ್ತದೆ. ಅಂತಹ ಆಚಾರ್ಯ ಪರಂಪರೆಯ ಮಾತನ್ನು ನಾವಿಂದು ಹೇಗೆ ಓದುತ್ತಿದ್ದೇವೆ ಎಂಬುದೇ ನನ್ನ ಪ್ರಶ್ನೆ.

ಆತ್ಮನಿಗೆ ರೂಪವಿಲ್ಲ, ರಸವಿಲ್ಲ, ಗಂಧವಿಲ್ಲ. ಆದುದರಿಂದ ಆತ್ಮನನ್ನು ಕುರಿತ ಮಾತಿಗೆ ದೃಷ್ಟಾಂತವು ಅನಿವಾರ್ಯ. ಅನಾರ್ಯನಿಗೆ ಅವನ ಭಾಷೆಯಿಲ್ಲದೆ ತಿಳಿಸಲಾಗದಂತೆ, ವ್ಯವಹಾರವಿಲ್ಲದೆ ಪರಮಾರ್ಥವನ್ನು ಉಪದೇಶಿಸಲಾಗದೆಂದು ಕುಂದಕುಂದಾಚಾರ್ಯರು ಸಮಯಸಾರದಲ್ಲಿ ಹೇಳಿದ್ದಾರೆ. ಅದಕ್ಕೆ ವ್ಯಾಖ್ಯಾನ ಬರೆದ ಅಮೃತಚಂದ್ರಾಚಾರ್ಯರು ತುಪ್ಪದ ಗಡಿಗೆಯ ಉದಾಹರಣೆಯನ್ನು ಕೊಡುತ್ತಾರೆ: ಹಾಗೆಂದು ಕರೆದ ಮಾತ್ರಕ್ಕೆ ಗಡಿಗೆ ತುಪ್ಪದಿಂದ ಆದುದಲ್ಲ.

ಈ ಉದಾಹರಣೆಯಿಂದ ನಮ್ಮ ಎರಡು ತಪ್ಪುಗಳು ತಿಳಿಯುತ್ತವೆ. ಮೊದಲ ಕಳಶವನ್ನು ಸವಾಲಿನಲ್ಲಿ ಹೆಚ್ಚು ಹಣಕ್ಕೆ ಪಡೆದುದರಿಂದಲೇ ಹೆಚ್ಚು ಪುಣ್ಯವೆಂದು ನಂಬುವವನು ಗಡಿಗೆಯನ್ನೇ ತುಪ್ಪವೆನ್ನುತ್ತಾನೆ. ಪೂಜೆ, ವ್ರತ, ಲೆಕ್ಕ ಎಲ್ಲವೂ ಬರಿಯ ವ್ಯವಹಾರವೆಂದು ತಳ್ಳಿಹಾಕುವವನು ಗಡಿಗೆಯನ್ನೊಡೆದು ತುಪ್ಪವನ್ನೂ ಚೆಲ್ಲುತ್ತಾನೆ.

ಎರಡನೆಯ ತಪ್ಪು ಹೆಚ್ಚು ಅಪಾಯಕರ, ಏಕೆಂದರೆ ಅದು ಜ್ಞಾನದ ವೇಷ ತೊಟ್ಟು ಬರುತ್ತದೆ. ಬಸದಿಯ ನಿಧಿಯ ಲೆಕ್ಕ ಕೇಳಿದರೆ, "ಆತ್ಮನು ಪರದ್ರವ್ಯದ ಕರ್ತೃವಲ್ಲ" ಎಂಬ ಉತ್ತರ. ಕೆಸರಿನಲ್ಲಿದ್ದರೂ ಚಿನ್ನಕ್ಕೆ ತುಕ್ಕು ಹಿಡಿಯದೆಂಬ ದೃಷ್ಟಾಂತವನ್ನೂ ಜೊತೆಗೆ ಹೇಳುತ್ತಾರೆ. ಆದರೆ ಆಚಾರ್ಯರು ಅಲ್ಲಿಗೆ ನಿಲ್ಲಿಸಲಿಲ್ಲ. ರಾಗವನ್ನು ತೊರೆದ ಜ್ಞಾನಿ ಮಾತ್ರ ಚಿನ್ನದಂತೆ. ದ್ರವ್ಯಗಳಲ್ಲಿ ಅನುರಕ್ತನಾದ ಅಜ್ಞಾನಿ ಅದೇ ಕೆಸರಿನ ಕಬ್ಬಿಣದಂತೆ ಎಂದು ಮುಂದಿನ ಗಾಥೆಯಲ್ಲಿಯೇ ಹೇಳಿದರು. ಜಮೆಯನ್ನು ತೋರಿಸಿ ಖರ್ಚನ್ನು ಮರೆಮಾಡಿದ ಲೆಕ್ಕಪತ್ರಕ್ಕೆ ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಲಾರ. ಅರ್ಧ ದೃಷ್ಟಾಂತವೂ ಅಂತಹುದೇ.

ನಿಧಿಯ ಮೇಲೆ ರಾಗವಿಲ್ಲದವನಿಗೆ ಅದರ ಲೆಕ್ಕವನ್ನು ತೆರೆದಿಡಲು ಸಂಕೋಚವೇಕೆ? ಅಧಿಕಾರದ ಮೇಲೆ ರಾಗವಿಲ್ಲದವನಿಗೆ ಅವಧಿ ಮುಗಿದಾಗ ಸ್ಥಾನ ಬಿಡಲು ಕಷ್ಟವೇಕೆ?

ತೆಲುಗು, ಇಂಗ್ಲಿಷ್ ನಡುವೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಅವರಿಗೆ ತಿಳಿಯುವ ಮಾತಿನಲ್ಲಿಯೇ ದೃಷ್ಟಾಂತಗಳನ್ನು ಹೇಳೋಣ. ಕುಂದಕುಂದರ ಅನುಮತಿ ಅದಕ್ಕಿದೆ. ಆದರೆ ಚಿನ್ನದೊಡನೆ ಕಬ್ಬಿಣವನ್ನೂ ಹೇಳೋಣ. ತಾನು ಯಾವುದೆಂದು ಪ್ರತಿಯೊಬ್ಬನೂ ತನ್ನನ್ನೇ ಕೇಳಿಕೊಳ್ಳಲಿ.

ಜೈ ಜಿನೇಂದ್ರ.