ನಮ್ಮ ಕೋಣೆಗೊಂದು ಧ್ವನಿಯ ಏರ್ಪಾಡು
(ಪುಣೆಯ ಹೋಟೆಲ್ ಕಾರ್ಮಿಕರ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ವಾರದ ರಜೆ, ಪ್ರಾವಿಡೆಂಟ್ ಫಂಡು ಎಂದು ಪ್ರತಿ ತಿಂಗಳೂ ಚರ್ಚಿಸುವ ಈ ಸಭೆಯಲ್ಲಿ ಇವೊತ್ತು ಸಿನಿಮಾ ಸದ್ದಿನ ಪೆಟ್ಟಿಗೆಗಳ ಮಾತು ಬಂದಿದೆ. ಕೆಲವರಿಗೆ ನಗು ಬಂದೀತು. "ಮಲಗಲು ಜಾಗವಿಲ್ಲದವರಿಗೆ ಹೋಂ ಥಿಯೇಟರ್ ಯಾಕಪ್ಪ?" ಎಂದು ಹಿರಿಯರೊಬ್ಬರು ಕೇಳಿಯೂ ಬಿಟ್ಟರು. ಆ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟು ಆಮೇಲೆ ಸಾಮಾನಿನ ಮಾತಿಗೆ ಬರುತ್ತೇವೆ.

ನಾವು ಊರು ಬಿಟ್ಟು ಬಂದವರು. ಕುಂದಾಪುರ, ಉಡುಪಿ, ಕಾರ್ಕಳ, ಬೆಳಗಾವಿ, ವಿಜಾಪುರಗಳಿಂದ ಬಂದು ಈ ಪುಣೆಯಲ್ಲಿ ದೋಸೆ ಹೊಯ್ಯುತ್ತೇವೆ, ಲೋಟ ತೊಳೆಯುತ್ತೇವೆ, ಗಲ್ಲದ ಮೇಲೆ ಕೂರುತ್ತೇವೆ. ಇಲ್ಲಿ ಕನ್ನಡ ಚಿತ್ರ ಬಂದರೆ ಅದಕ್ಕೆ ಸಿಕ್ಕುವುದು ಒಂದೋ ಎರಡೋ ಆಟ. ಆ ಹೊತ್ತಿಗೆ ನಾವು ಟ್ರೇ ಹಿಡಿದು ನಿಂತಿರುತ್ತೇವೆ. ರಾತ್ರಿ ಕೋಣೆಗೆ ಬಂದ ಮೇಲೆ ಹತ್ತು ಜನ ಹತ್ತು ಮೊಬೈಲು ಹಿಡಿದು, ಕಿವಿಗೆ ವಯರು ಸಿಕ್ಕಿಸಿಕೊಂಡು, ಗೋಡೆಯ ಕಡೆಗೆ ಮುಖ ಮಾಡಿ ಮಲಗುತ್ತೇವೆ. ಒಂದೇ ಕೋಣೆಯಲ್ಲಿ ಹತ್ತು ಒಂಟಿ ಮನುಷ್ಯರು! ಪಕ್ಕದ ಹಾಸಿಗೆಯ ಹುಡುಗ ಜ್ವರದಲ್ಲಿ ನರಳಿದರೂ ನಮಗೆ ಕೇಳುವುದಿಲ್ಲ. ಸಂಘ ಕಟ್ಟುವುದು ಹೀಗೆ ಸಾಧ್ಯವೆ?

ಕೂಡಿ ಕೇಳುವುದು ನಮ್ಮವರಿಗೆ ಹೊಸದಲ್ಲ. ಕನ್ನಡದ ಮೊದಲ ವಾಕ್ಚಿತ್ರ "ಸತಿ ಸುಲೋಚನ" ೧೯೩೪ರಲ್ಲಿ ಬೆಂಗಳೂರಿನಲ್ಲಿ ತೆರೆ ಕಂಡಿತು. ಆದರೆ ಅದರ ಚಿತ್ರೀಕರಣವಾದದ್ದು ಕೊಲ್ಲಾಪುರದಲ್ಲಿ. ಪರದೆಯ ಮೇಲೆ ಕನ್ನಡ ಮೊದಲು ಮಾತನಾಡಿದ್ದಕ್ಕೆ ಈ ಮರಾಠಿ ನೆಲವೇ ನೆರವಾಯಿತು. ಕುಂದಗೋಳದ ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ ೧೯೫೩ರಲ್ಲಿ ಶುರುವಾದದ್ದು ಇದೇ ಪುಣೆಯಲ್ಲಿ. ಅದನ್ನು ಬೆಳೆಸಿದ ಭೀಮಸೇನ ಜೋಶಿಯವರು ಗದಗಿನ ಕಡೆಯವರು. ಸಾವಿರಾರು ಜನ ಒಟ್ಟಿಗೆ ಕೂತು ಒಂದೇ ಸ್ವರಕ್ಕೆ ಕಿವಿಗೊಡುವುದನ್ನು ಈ ಪಟ್ಟಣಕ್ಕೆ ರೂಢಿ ಮಾಡಿಸಿದವರಲ್ಲಿ ನಮ್ಮ ನಾಡಿನವರೂ ಉಂಟು. ಆದುದರಿಂದ ನಾವು ಕೇಳುತ್ತಿರುವುದು ವಿಲಾಸವಲ್ಲ. ದುಡಿದವನಿಗೆ ವಿಶ್ರಾಂತಿ ಹಕ್ಕು. ಕೂಡಿ ವಿಶ್ರಮಿಸುವುದು ಅದಕ್ಕಿಂತ ದೊಡ್ಡ ಹಕ್ಕು.

ಇನ್ನು ದುಡ್ಡಿನ ಮಾತು. ಮೊದಲನೆಯ ನಿಯಮ, ಸಾಲ ಕೂಡದು. ನಮ್ಮಲ್ಲೊಬ್ಬ ತರುಣ ಅಂಗಡಿಯೊಂದರಲ್ಲಿ ಕಂತಿನ ಮೇಲೆ ಐದು ಪೆಟ್ಟಿಗೆಗಳ ಸೆಟ್ಟು ತಂದ. ಡಬ್ಬಿಯ ಮೇಲೆ ಸಾವಿರಗಟ್ಟಲೆ ವ್ಯಾಟ್ ಎಂದು ಕೊರೆದಿದ್ದರು. ಪೆಟ್ಟಿಗೆ ಮಳೆಗಾಲ ದಾಟಲಿಲ್ಲ. ಕಂತು ಮಾತ್ರ ದೀಪಾವಳಿ ದಾಟಿತು. ಆ ಸಾವಿರಗಳ ಹಿಂದೆ "ಪಿ.ಎಂ.ಪಿ.ಓ." ಎಂಬ ನಾಲ್ಕು ಅಕ್ಷರಗಳಿರುತ್ತವೆ. ಅದಕ್ಕೆ ಒಪ್ಪಿತವಾದ ಅಳತೆಗೋಲೇ ಇಲ್ಲ. ಮಾರುವವನ ಬಾಯಿಗೆ ಬಂದದ್ದೇ ಲೆಕ್ಕ. ನಾವು ಕೇಳಬೇಕಾದದ್ದು "ಆರ್.ಎಂ.ಎಸ್. ವ್ಯಾಟ್ ಎಷ್ಟು?" ಎಂದು. ಅದು ಎಡೆಬಿಡದೆ ದುಡಿಯಬಲ್ಲ ನಿಜವಾದ ಶಕ್ತಿ. ನಮ್ಮ ಕೋಣೆಯಷ್ಟು ಜಾಗಕ್ಕೆ ಒಂದೊಂದು ಪೆಟ್ಟಿಗೆಗೆ ೨೦ರಿಂದ ೩೦ ನಿಜ ವ್ಯಾಟ್ ಧಾರಾಳವಾಯಿತು.

ನಾವು ೧೫ ಮಂದಿ. ಭಿಶಿಯ ಹಾಗೆ ತಿಂಗಳಿಗೆ ತಲಾ ೨೫೦ ರೂಪಾಯಿ ಹಾಕಿದರೆ ತಿಂಗಳಿಗೆ ೩,೭೫೦. ನಾಲ್ಕು ತಿಂಗಳಲ್ಲಿ ೧೫,೦೦೦ ಆಯಿತು. ನಮ್ಮ ಮಿತಿ ಇಷ್ಟೆ. ಮೊದಲೆರಡು ತಿಂಗಳ ೭,೫೦೦ ರೂಪಾಯಿಯಲ್ಲಿ ಹಳೆಯದೊಂದು ರಿಸೀವರ್, ಎರಡು ಸ್ಪೀಕರ್, ವಯರು. ಮೂರನೆಯ ತಿಂಗಳಲ್ಲಿ ನಡುವಿನ ಸ್ಪೀಕರ್. ನಾಲ್ಕನೆಯದರಲ್ಲಿ ಸಬ್‌ವೂಫರ್. ಹಿಂದಿನ ಎರಡು ಪೆಟ್ಟಿಗೆ ಬೋನಸ್ ಬಂದಾಗ ನೋಡೋಣ. ಆಯಾ ತಿಂಗಳ ದುಡ್ಡಿಗೆ ಸರಿಯಾದ ಮಾಲು ಸಿಕ್ಕದಿದ್ದರೆ ಮುಂದಿನ ತಿಂಗಳಿಗೆ ಕಾಯುವುದು. ಮಿತಿ ಹಿಗ್ಗಿಸುವುದು ಬೇಡ.

"ಐದು ಪೆಟ್ಟಿಗೆ ಒಟ್ಟಿಗೇ ತರಬಾರದೆ?" ಎಂದು ಹುಡುಗರು ಕೇಳುತ್ತಾರೆ. ಐದು ಬಗೆ ಹಳಸಿದ ಪಲ್ಯ ಬಡಿಸುವುದಕ್ಕಿಂತ ಬಿಸಿ ಅನ್ನ, ಒಳ್ಳೆಯ ಸಾರು ಲೇಸು ಎಂಬುದು ಹೋಟೆಲಿನವರಾದ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. "೫.೧" ಎಂದರೆ ಮುಂದೆ ಎಡ, ನಡು, ಬಲ, ಪಕ್ಕಕ್ಕೆ ತುಸು ಹಿಂದೆ ಎಡ, ಬಲ, ಹೀಗೆ ಐದು. ಉಳಿದ ಒಂದು ಸಬ್‌ವೂಫರ್, ಗುಡುಗಿನಂಥ ತಗ್ಗು ಸ್ವರಕ್ಕೆ. ಇವುಗಳಲ್ಲಿ ಪಾತ್ರಗಳ ಮಾತು ಹೆಚ್ಚಾಗಿ ಬರುವುದು ನಡುವಿನದರಿಂದ. ಕಥೆ ಇರುವುದು ಮಾತಿನಲ್ಲಿ. ಹಿಂದಿನಿಂದ ಬರುವ ಮಳೆಯ ಸದ್ದಿನಲ್ಲಲ್ಲ.

ನಡುವಿನ ಪೆಟ್ಟಿಗೆ ಬರುವ ತನಕ ಎರಡರಲ್ಲೇ ನಡೆಸಬಹುದು. ಆದರೆ ರಿಸೀವರಿನ ಸೆಟ್ಟಿಂಗಿನಲ್ಲಿ "ಸೆಂಟರ್ ಇಲ್ಲ" ಎಂದು ತಿಳಿಸಲೇಬೇಕು. ತಿಳಿಸಿದರೆ ಅದು ಮಾತನ್ನು ಎರಡೂ ಪೆಟ್ಟಿಗೆಗೆ ಸಮನಾಗಿ ಹಂಚುತ್ತದೆ. ತಿಳಿಸದಿದ್ದರೆ ಹಾಡು ಕೇಳುತ್ತದೆ, ಹೊಡೆದಾಟ ಕೇಳುತ್ತದೆ, ಮಾತೇ ಕೇಳುವುದಿಲ್ಲ. ಯಂತ್ರ ಕೆಟ್ಟಿತೆಂದು ರಿಪೇರಿಯವನಿಗೆ ದುಡ್ಡು ಸುರಿಯುತ್ತೇವೆ. ಎರಡೇ ಪೆಟ್ಟಿಗೆಯಿದ್ದಾಗ ನಟ್ಟನಡುವೆ ಕೂತವನಿಗೆ ಮಾತು ನಡುವಿನಿಂದಲೇ ಬಂದಂತೆ ಅನಿಸುತ್ತದೆ; ಅಂಚಿನಲ್ಲಿ ಕೂತವನಿಗೆ ಹತ್ತಿರದ ಪೆಟ್ಟಿಗೆಯಿಂದ ಬಂದಂತೆ. ಒಬ್ಬ ಧಣಿ ಸೋಫಾದ ಮಧ್ಯೆ ಕೂತು ನೋಡುವ ಮನೆಗೆ ಎರಡು ಸಾಕು. ೧೫ ಜನ ಚಾಪೆ ಹಾಸಿ ಕೂರುವ ನಮ್ಮ ಕೋಣೆಗೆ ನಡುವಿನದು ಬೇಕು.

ಎಲ್ಲಿ ಕೊಳ್ಳುವುದು? ಹೊಸ ಸಾಮಾನಿಗೆ, ವಯರು ಪಿನ್ನುಗಳಿಗೆ ಬುಧವಾರ ಪೇಟೆಯ ತಪ್ಕೀರ್ ಗಲ್ಲಿ ಇದ್ದೇ ಇದೆ. ದಗಡೂಶೇಟ್ ಗಣಪತಿಗೆ ಕೈಮುಗಿದು ನಡೆದೇ ಹೋಗಬಹುದು. ಹಳೆಯದಕ್ಕೆ ಮಂಗಳವಾರ ಪೇಟೆಯ ಕಡೆಯ ಜುನಾ ಬಜಾರ್. ಮನೆ ಖಾಲಿ ಮಾಡುವವರು, ಹೊಸದು ಕೊಂಡವರು ಮಾರುವ ರಿಸೀವರು ಇನ್ನೂ ಒಳ್ಳೆಯದು. ಅವರ ಮನೆಯಲ್ಲೇ ನುಡಿಸಿ ನೋಡಲು ಸಿಕ್ಕುತ್ತದೆ. ಹಳೆಯ ರಿಸೀವರಿನಲ್ಲಿ ಎಚ್.ಡಿ.ಎಂ.ಐ. ಇಲ್ಲವೆಂದು ಬಿಡಬೇಡಿ. ಬೆಳಕಿನ ತಂತಿ, ಅಂದರೆ ಆಪ್ಟಿಕಲ್ ಕೇಬಲ್ಲಿನ ತೂತಿದ್ದರೆ ಡಾಲ್ಬಿ ಡಿಜಿಟಲ್ ೫.೧ ಅದರಲ್ಲೇ ಬರುತ್ತದೆ. ಕೋಣೆಯ ಟಿ.ವಿ.ಯ ಬೆನ್ನಿನಲ್ಲಿ ಯಾವ ತೂತು ಉಂಟೆಂದು ಮೊದಲೇ ಮೊಬೈಲಿನಲ್ಲಿ ಫೋಟೋ ಹಿಡಿದುಕೊಂಡು ಹೋಗಿ.

ಕೊಳ್ಳುವಾಗ ಪರೀಕ್ಷೆ ಹೀಗೆ. ಕತ್ತರಿಕಾಯಿಯನ್ನು ತಿರುಗಿಸಿ ನೋಡುವ ನಾವು ಯಂತ್ರವನ್ನು ಯಾಕೆ ನೋಡಬಾರದು? ನಮ್ಮದೇ ಒಂದು ಸ್ಪೀಕರ್, ವಯರು, ಮೊಬೈಲು ಜೊತೆಗಿರಲಿ. ರಿಸೀವರಿನ ಐದೂ ಬಾಯಿಗೆ ಒಂದೊಂದಾಗಿ ಸಿಕ್ಕಿಸಿ ಕೇಳಿ. ಸದ್ದಿನ ಗುಂಡಿ ತಿರುಗಿಸಿದಾಗ ಕರಕರ ಎಂದರೆ ಧೂಳು, ತೊಳೆದರೆ ಹೋದೀತು. ಏನೂ ನುಡಿಸದಿದ್ದಾಗಲೂ ಗುಂಯ್ ಎಂದರೆ, ಸುಟ್ಟ ವಾಸನೆ ಬಂದರೆ ಬಿಟ್ಟುಬಿಡಿ. ಸ್ಪೀಕರಿನ ಕಾಗದದ ಸುತ್ತ ಇರುವ ಅಂಚನ್ನು ಬೆರಳಿನಿಂದ ಮುಟ್ಟಿ. ರಬ್ಬರ್ ಆದರೆ ಬಾಳಿಕೆ. ಫೋಮ್ ಆದರೆ ವರ್ಷ ಕಳೆದಂತೆ ಹಪ್ಪಳದ ಹಾಗೆ ಪುಡಿಯಾಗುತ್ತದೆ. ಒಂದೂವರೆ ವೋಲ್ಟಿನ ಗಡಿಯಾರದ ಸೆಲ್ಲಿನ ಎರಡು ತುದಿಯನ್ನು ಸ್ಪೀಕರಿನ ಕೆಂಪು ಕಪ್ಪಿಗೆ ಕ್ಷಣ ಮಾತ್ರ ತಾಗಿಸಿ. "ಟಪ್" ಎಂದರೆ ಜೀವವಿದೆ. ಪ್ಲಸ್ಸಿಗೆ ಪ್ಲಸ್ ತಾಗಿಸಿದಾಗ ಕಾಗದ ಹೊರಗೆ ಉಬ್ಬಬೇಕು. ಎರಡು ಪೆಟ್ಟಿಗೆಗಳಲ್ಲಿ ಒಂದರ ಕೆಂಪು ಕಪ್ಪು ಅದಲು ಬದಲಾದರೆ ಒಂದು ಮುಂದೆ ನೂಕುವಾಗ ಇನ್ನೊಂದು ಹಿಂದೆ ಎಳೆದು ತಗ್ಗು ಸ್ವರವೆಲ್ಲ ಮಾಯವಾಗುತ್ತದೆ. ಒಂದೇ ಹಗ್ಗವನ್ನು ಇಬ್ಬರು ಎರಡು ಕಡೆಗೆ ಎಳೆದಂತೆ, ಸಂಘದಲ್ಲಿಯೂ ಹೀಗಾಗುವುದುಂಟು!

ಸ್ಪೀಕರಿನ ಬೆನ್ನಿನ ಚೀಟಿಯಲ್ಲಿ ಓಮ್ ಎಂಬ ಅಂಕಿ ಇರುತ್ತದೆ. ರಿಸೀವರ್ ೮ ಓಮ್ ಕೇಳಿದರೆ ೪ ಓಮಿನದನ್ನು ಹಚ್ಚಬೇಡಿ, ಕಾದು ಕೆಟ್ಟೀತು. ಡೆಸಿಬಲ್ ಅಂಕಿಯನ್ನೂ ನೋಡಿ. ೮೭ ಡೆಸಿಬಲಿನ ಸ್ಪೀಕರಿಗೆ ೨೦ ವ್ಯಾಟ್ ಕೊಟ್ಟಾಗ ಬರುವ ಸದ್ದು ೯೦ ಡೆಸಿಬಲಿನದಕ್ಕೆ ೧೦ ವ್ಯಾಟ್ ಕೊಟ್ಟಾಗಲೇ ಬರುತ್ತದೆ. ವಯರಿಗೆ ಹೆಚ್ಚು ಸುರಿಯಬೇಡಿ. ಒಂದೂವರೆ ಚದರ ಮಿಲಿಮೀಟರಿನ ಸಾಧಾರಣ ತಾಮ್ರದ ಜೋಡಿ ವಯರು ಸಾಕು. ಅಲ್ಯುಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟದ್ದಲ್ಲವೆಂದು ತುದಿ ಕೆರೆದು ನೋಡಿ. ಟಿ.ವಿ.ಗೂ ರಿಸೀವರಿಗೂ ನಡುವೆ ಬ್ಲೂಟೂತ್ ಬೇಡ. ಅದರಲ್ಲಿ ಸದ್ದು ತಡವಾಗಿ, ನಾಯಕನ ತುಟಿ ಮೊದಲು, ಮಾತು ಆಮೇಲೆ ಆಗುವುದುಂಟು. ಪ್ಲಗ್ಗು ಅರ್ತಿಂಗ್ ಇರುವ ಮೂರು ಪಿನ್ನಿನದಾಗಲಿ. ಅದೇ ಬೋರ್ಡಿಗೆ ಕರೆಂಟಿನ ಒಲೆ ಸಿಕ್ಕಿಸಕೂಡದು.

ಇನ್ನು ಜೋಡಣೆ. ಇದಕ್ಕೆ ಕಾಸು ಖರ್ಚಿಲ್ಲ. ಫಲ ಮಾತ್ರ ಎಲ್ಲಕ್ಕಿಂತ ಹೆಚ್ಚು. ಮುಂದಿನ ಎರಡು ಪೆಟ್ಟಿಗೆ ಮತ್ತು ನೋಡುವವರು ಸಮಭುಜ ತ್ರಿಕೋನವಾಗಬೇಕು. ಚಾಪೆಯ ಮೇಲೆ ಕೂತವರ ಕಿವಿಯ ಎತ್ತರಕ್ಕೆ ಪೆಟ್ಟಿಗೆ ಬರಬೇಕು. ಸಜ್ಜದ ಮೇಲೆ ದೇವರ ಪಟದ ಪಕ್ಕ ಏರಿಸಿ ಕೂರಿಸುವುದಲ್ಲ. ಕಪಾಟಿನೊಳಗೆ ತುರುಕಿದರೆ ಡೊಳ್ಳಿನ ಸದ್ದು. ಸಬ್‌ವೂಫರಿಗೆ ಒಂದು ಉಪಾಯ ಉಂಟು: ನಾವು ಕೂರುವ ಜಾಗದಲ್ಲಿ ಅದನ್ನಿಟ್ಟು ತಗ್ಗು ಸ್ವರದ ಹಾಡು ಹಾಕಿ, ಗೋಡೆಯುದ್ದಕ್ಕೂ ಅಂಬೆಗಾಲಿಕ್ಕಿ ಕೇಳುತ್ತ ಹೋಗಿ. ಎಲ್ಲಿ ಸ್ವರ ಒರಟಾಗದೆ ಹದವಾಗಿ ಕೇಳುತ್ತದೋ ಅಲ್ಲೇ ಅದನ್ನಿಡಿ.

ಶ್ರೀಮಂತರ ನುಣುಪು ಕಲ್ಲಿನ ಹಾಲಿನಲ್ಲಿ ಸದ್ದು ಗೋಡೆಯಿಂದ ಗೋಡೆಗೆ ಪುಟಿದು ಮಾತು ಕಲಸಿಹೋಗುತ್ತದೆ. ಅದಕ್ಕೆ ಅವರು ಸಾವಿರಾರು ರೂಪಾಯಿಯ ಪರದೆ, ರತ್ನಗಂಬಳಿ ಹಾಕಿಸುತ್ತಾರೆ. ನಮ್ಮ ಕೋಣೆಯಲ್ಲಿ ಸುತ್ತಿಟ್ಟ ಹಾಸಿಗೆ, ಹಗ್ಗದ ಮೇಲಿನ ಬಟ್ಟೆ, ಕೌದಿ, ಕಂಬಳಿ ಮೊದಲೇ ಇವೆ; ಅವೇ ಸದ್ದನ್ನು ಹೀರುತ್ತವೆ. ಬಡತನದಿಂದ ಒಂದು ಲಾಭವೆಂದರೆ ಇದೇ ಇರಬೇಕು. ಮೊಟ್ಟೆಯ ರಟ್ಟಿನ ತಟ್ಟೆಗಳನ್ನು ಮಾತ್ರ ಗೋಡೆಗೆ ಅಂಟಿಸಬೇಡಿ. ಸದ್ದು ತಡೆಯುವುದು ಅಲ್ಪ, ಬೆಂಕಿ ಹಿಡಿಯುವುದು ಬೇಗ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ನಮ್ಮಲ್ಲಿ ಅನೇಕರು ಟಿ.ವಿ. ಸದ್ದು ಏರಿಸು ಏರಿಸು ಎನ್ನುತ್ತಾರೆ. ಏರಿಸಿದರೂ ಮಾತು ತಿಳಿಯುವುದಿಲ್ಲ. ದೋಷ ಪೆಟ್ಟಿಗೆಯದಲ್ಲ, ಅಡಿಗೆಮನೆಯದು. ರುಬ್ಬುವ ಯಂತ್ರ, ಹೊಗೆ ಎಳೆಯುವ ಫ್ಯಾನು, ಗ್ಯಾಸಿನ ಭಟ್ಟಿಯ ಭೋರ್ಗರೆತ, ಸ್ಟೀಲು ಪಾತ್ರೆಗಳ ಬಡಿತ, ಇವುಗಳ ನಡುವೆ ವರ್ಷಾನುಗಟ್ಟಲೆ ನಿಂತವನ ಕಿವಿ ಸದ್ದಿಲ್ಲದೆ ಸವೆಯುತ್ತದೆ. ೮೫ ಡೆಸಿಬಲಿನ ಸದ್ದಿನಲ್ಲಿ ದಿನಕ್ಕೆ ೮ ಗಂಟೆಗಿಂತ ಹೆಚ್ಚು ಇರಬಾರದೆಂದು ಬಲ್ಲವರ ಸಲಹೆ. ಅದರ ಮೇಲೆ ಪ್ರತಿ ೩ ಡೆಸಿಬಲಿಗೆ ಹೊತ್ತು ಅರ್ಧವಾಗಬೇಕು. ಹೀಗೆ ಸವೆಯುವಾಗ ಮೊದಲು ಹೋಗುವುದು ಏರು ಸ್ವರಗಳು. ಸ, ಶ, ತ, ಚ ಮೊದಲಾದ ಅಕ್ಷರಗಳ ಸೂಕ್ಷ್ಮ ಅಲ್ಲಿಯೇ ಇದೆ. ಹಾಗಾಗಿ ಸದ್ದು ಕೇಳುತ್ತದೆ, ಮಾತು ತಿಳಿಯುವುದಿಲ್ಲ. ಹೋದ ಕಿವಿ ಮತ್ತೆ ಬರುವುದಿಲ್ಲ.

ಆದುದರಿಂದ ಬಂಧುಗಳೆ, ಸದ್ದಿನ ಪೆಟ್ಟಿಗೆಯ ಜೊತೆಗೆ ನಮ್ಮ ಬೇಡಿಕೆಯ ಪಟ್ಟಿಗೆ ನಾಲ್ಕು ಸಾಲು ಸೇರಿಸಬೇಕೆಂದು ಸೂಚಿಸುತ್ತೇವೆ. ಫ್ಯಾನಿನ ಬೇರಿಂಗಿಗೆ ಕಾಲಕಾಲಕ್ಕೆ ಗ್ರೀಸು. ರುಬ್ಬುವ ಯಂತ್ರದ ಕಾಲಿಗೆ ರಬ್ಬರು, ಸಾಧ್ಯವಾದಲ್ಲಿ ಅದಕ್ಕೆ ಬೇರೆ ಕೋಣೆ. ಯಂತ್ರದ ಬಳಿ ನಿಲ್ಲುವವನಿಗೆ ಕಿವಿಯ ಬಿರಡೆ ಮತ್ತು ಸರದಿ ಬದಲಾವಣೆ. ವರ್ಷಕ್ಕೊಮ್ಮೆ ಕಿವಿಯ ತಪಾಸಣೆ. ಇದರಲ್ಲಿ ಮಾಲಿಕರಿಗೆ ದೊಡ್ಡ ಖರ್ಚಿಲ್ಲ. ಮೊದಲ ಎರಡರಿಂದ ಅವರ ಯಂತ್ರವೂ ಹೆಚ್ಚು ಬಾಳುತ್ತದೆ ಎಂದು ಲೆಕ್ಕ ಮಾಡಿ ತೋರಿಸೋಣ.

ನಾವು ಇನ್ನೊಬ್ಬರ ಕಿವಿಯನ್ನೂ ಕಾಯಬೇಕು. ವಿಸರ್ಜನೆಯ ದಿನ ರಸ್ತೆಯಲ್ಲಿ ಎದೆ ನಡುಗಿಸುವ ಸ್ಪೀಕರಿನ ಗೋಡೆಗಳನ್ನು ಕಂಡು ಬೈಯುವ ನಾವು ಕೋಣೆಯಲ್ಲಿ ಅದನ್ನೇ ಮಾಡಬಾರದು. ೨೦೦೦ದ ಶಬ್ದ ಮಾಲಿನ್ಯ ನಿಯಮಗಳಂತೆ ರಾತ್ರಿ ೧೦ರಿಂದ ಬೆಳಗ್ಗೆ ೬ರ ತನಕ ರಾತ್ರಿಯ ಹೊತ್ತು. ವಸತಿ ಪ್ರದೇಶಕ್ಕೆ ಹಗಲು ೫೫, ರಾತ್ರಿ ೪೫ ಡೆಸಿಬಲ್ ಮಿತಿ. ನಿಯಮ ಇರಲಿ, ಬೆಳಗಿನ ಜಾವ ೪ಕ್ಕೆ ಎದ್ದು ಇಡ್ಲಿ ಹಬೆಗಿಡುವ ಭಟ್ಟರ ನಿದ್ದೆ ನಮಗೆ ಕಾನೂನಿಗಿಂತ ದೊಡ್ಡದು. ಆಟ ರಾತ್ರಿ ಬೇಡ. ಮಧ್ಯಾಹ್ನದ ಊಟದ ಗಡಿಬಿಡಿ ಮುಗಿದು ಸಂಜೆಯ ತಿಂಡಿಗೆ ಮುಂಚೆ ನಮಗೆ ಸಿಕ್ಕುವ ಬಿಡುವಿನಲ್ಲಿ, ವಾರಕ್ಕೊಂದು ದಿನ ಚಿತ್ರ ಹಾಕೋಣ; ಭಾನುವಾರ ಗಿರಾಕಿಯ ದಿನ, ಆದ್ದರಿಂದ ಮಂಗಳವಾರ. ಅಪರೂಪಕ್ಕೆ ರಾತ್ರಿ ನೋಡಲೇಬೇಕಾದರೆ ಸಬ್‌ವೂಫರ್ ಬಂದು ಮಾಡಿ, ರಿಸೀವರಿನ "ನೈಟ್ ಮೋಡ್" ಹಾಕಿ. ಹೊಡೆದಾಟದ ಅಬ್ಬರ ತಗ್ಗಿ ಪಿಸುಮಾತು ಮೇಲೆ ಬರುತ್ತದೆ.

ಕೊನೆಯದಾಗಿ ಒಡೆತನ. ಪೆಟ್ಟಿಗೆ ಯಾರೊಬ್ಬರದೂ ಅಲ್ಲ, ಕೋಣೆಯದು. ರಶೀದಿ ಸಂಘದ ಹೆಸರಿನಲ್ಲಿರಲಿ, ಜಮಾಖರ್ಚು ಗೋಡೆಯ ಮೇಲಿರಲಿ. ಕೆಲಸ ಬಿಟ್ಟು ಊರಿಗೆ ಹೋಗುವವನಿಗೆ ಅವನು ಹಾಕಿದ್ದರಲ್ಲಿ ಅರ್ಧ ಹಿಂದಿರುಗಿಸಿ, ಹೊಸದಾಗಿ ಬಂದವನಿಂದ ಅಷ್ಟೇ ಪಡೆಯುವುದು. ಮೊದಲ ಸಂಬಳ ಕಾಣದ ಕ್ಲೀನರ್ ಹುಡುಗನಿಂದ ಕಾಸು ಕೇಳಕೂಡದು. ಆದರೆ ಅವನಿಗೆ ಕೂರುವ ಜಾಗ ಮುಂದಿನ ಸಾಲಿನಲ್ಲಿ, ನಟ್ಟನಡುವೆ. ಸಂಸಾರಸ್ಥರ ಮನೆಯ ಹೆಂಗಸರಿಗೆ, ಮಕ್ಕಳಿಗೆ ತಿಂಗಳಿಗೊಂದು ಆಟ ಮೀಸಲು. ಶಾಲೆಯಲ್ಲಿ ಮರಾಠಿ, ಇಂಗ್ಲಿಷ್ ಕೇಳುವ ನಮ್ಮ ಮಕ್ಕಳಿಗೆ ತಿಂಗಳಿಗೆ ಎರಡೂವರೆ ಗಂಟೆಯಾದರೂ ಅಕ್ಷರ ಅಕ್ಷರವೂ ತಿಳಿಯುವಂತೆ ಕನ್ನಡ ಕಿವಿಗೆ ಬೀಳಲಿ.

ಸಭೆ ಒಪ್ಪಿದರೆ ಈ ತಿಂಗಳಿನಿಂದಲೇ ೨೫೦ ರೂಪಾಯಿಯ ಪಟ್ಟಿ ಆರಂಭಿಸೋಣ. ಬೇಡಿಕೆಯ ನಾಲ್ಕು ಸಾಲಿಗೂ ಇವೊತ್ತೇ ಸಹಿ ಬೀಳಲಿ. ಎರಡೂ ಕಾಗದ ಮೇಜಿನ ಮೇಲಿವೆ. ಒಂದಕ್ಕೆ ಹೆಸರು ಬರೆಸಿದವರು ಇನ್ನೊಂದಕ್ಕೂ ಬರೆಸಿಯೇ ಹೋಗಬೇಕೆಂದು ಕೇಳಿಕೊಂಡು, ನಮ್ಮ ಮಾತು ಮುಗಿಸುತ್ತೇವೆ.